ನಿಮಗಿದು ಗೊತ್ತೇ? ‘ಇಫ್’ ಎಂಬ ಪುಟಾಣಿ ಪದದ ಮಹಾ ಕಿತಾಪತಿ!

ಇಂಗ್ಲಿಷಿನ ‘ಇಫ್’ಗೆ ಎರಡೇ ಅಕ್ಷರ. ಆದರೆ ಶಿವಮೊಗ್ಗ, ಭದ್ರಾವತಿಯ ಹತ್ತನೇ ತರಗತಿ ಮಕ್ಕಳನ್ನು ಒಮ್ಮೆ ವಿಚಾರಿಸಿ. ‘ಇಫ್ ಕ್ಲಾಸ್’ ಅಂದಕೂಡಲೇ ಮುಖ ಸಣ್ಣದಾಗುತ್ತೆ. ‘ವಿಲ್’ ಹಾಕೋದಾ, ‘ವುಡ್’ ಹಾಕೋದಾ, ‘ವುಡ್ ಹ್ಯಾವ್’ ಹಾಕೋದಾ? ಅಷ್ಟು ಚಿಕ್ಕ ಪದ, ಇಷ್ಟು ದೊಡ್ಡ ಗೋಳು!

ಈಗಷ್ಟೇ ನೀವು ಒಂದು ಕನ್ನಡದ ‘ಇಫ್’ ಓದಿದಿರಿ, ಗಮನಿಸಿದಿರಾ? ಎರಡನೇ ವಾಕ್ಯದ ಮೊದಲ ಪದ ನೋಡಿ. ‘ಆದರೆ’! ‘ಬಂದರೆ’, ‘ಹೋದರೆ’ ಇದ್ದ ಹಾಗೆಯೇ ಅದೂ ‘ಆಗು’ಗೆ ‘ರೆ’ ಸೇರಿ ಹುಟ್ಟಿದ ಷರತ್ತಿನ ಪದ. ಈಗ ಷರತ್ತು ಗಿರತ್ತು ಬಿಟ್ಟು ಬೇರೆಯದೇ ಕೆಲಸಕ್ಕೆ ಸೇರಿಕೊಂಡಿದೆ. ‘ಅಂದರೆ’ಯ ಕಥೆಯೂ ಅದೇ. ‘ಏಕೆಂದರೆ’ ಇನ್ನೂ ಮಜಾ: ‘ಏಕೆ ಎಂದರೆ’ ಅಂತ ತಾನೇ ಪ್ರಶ್ನೆ ಹಾಕಿ, ತಾನೇ ಕಾರಣ ಹೇಳುತ್ತೆ. ಬೆಳಗಿನ ಕಾಫಿ ಮುಗಿಯೋದರೊಳಗೆ ಒಬ್ಬ ಕನ್ನಡಿಗ ಎಷ್ಟು ‘ಇಫ್’ ಖರ್ಚು ಮಾಡಿರುತ್ತಾನೋ, ಲೆಕ್ಕ ಇಟ್ಟವರಿಲ್ಲ!

‘ನಾಳೆ ಮಳೆ ಬಂದರೆ ಶಾಲೆಗೆ ರಜೆ.’ ಮಲೆನಾಡಿನ ಮಕ್ಕಳು ಜುಲೈನಲ್ಲಿ ದಿನಾ ಜಪಿಸುವ ವಾಕ್ಯ. ಇದರಲ್ಲೊಂದು ವಿಚಿತ್ರ ಅಡಗಿದೆ. ಮಾತಾಡ್ತಿರೋದು ನಾಳೆಯ ಮಳೆ ಬಗ್ಗೆ. ಕ್ರಿಯಾಪದ ಮಾತ್ರ ‘ಬಂದ’! ನಿನ್ನೆಯ ರೂಪ! ‘ಬರುವರೆ’ ಅಂತ ಯಾರಾದರೂ ಹೇಳ್ತಾರಾ? ತಿಂದರೆ, ಕೊಟ್ಟರೆ, ಮಾಡಿದರೆ... ಎಲ್ಲಕ್ಕೂ ಭೂತಕಾಲದ ರೂಪವೇ ಬುನಾದಿ. ಕನ್ನಡಿಗರು ನಾಳೆಗೆ ಷರತ್ತು ಹಾಕೋಕೆ ನಿನ್ನೆಯನ್ನು ಸಾಲ ತರುತ್ತಾರೆ!

ಇಂಗ್ಲಿಷಿನವರೂ ಸಾಲಗಾರರೇ. ಅವರು ಸಾಲ ತರೋದು ಇವತ್ತಿನಿಂದ. ‘ಇಫ್ ಇಟ್ ರೇನ್ಸ್ ಟುಮಾರೊ’ ಅನ್ನುತ್ತಾರೆ. ‘ರೇನ್ಸ್’ ವರ್ತಮಾನ, ‘ಟುಮಾರೊ’ ಭವಿಷ್ಯ. ಎರಡೂ ಒಂದೇ ವಾಕ್ಯದಲ್ಲಿ ಹಾಯಾಗಿವೆ. ಅಲ್ಲಿ ‘ವಿಲ್’ ಸೇರಿಸಿದಿರೋ, ಮಾರ್ಕ್ಸ್ ಹೋಯ್ತು. ನಾಳೆ ಬರೋ ಮಳೆಗೆ ನಾಳೆಯ ರೂಪ ಹಾಕೋ ಧೈರ್ಯ ಎರಡು ಭಾಷೆಗೂ ಇಲ್ಲ ನೋಡಿ!

‘ಇಫ್’ ಜೊತೆ ‘ವಿಲ್’ ಬರಲೇಬಾರದು ಅಂತ ಬಾಯಿಪಾಠ ಮಾಡಿದ್ದೀರಾ? ಸ್ವಲ್ಪ ತಡೆಯಿರಿ. ‘ದಯವಿಟ್ಟು ಸ್ವಲ್ಪ ಕೂತಿರ್ತೀರಾದರೆ’ ಎಂಬ ವಿನಯದ ಧಾಟಿಯಲ್ಲಿ ‘ಇಫ್ ಯು ವಿಲ್ ವೇಟ್ ಹಿಯರ್’ ಅಂದರೆ ಅದು ಶುದ್ಧ ಇಂಗ್ಲಿಷ್. ಅಲ್ಲಿನ ‘ವಿಲ್’ ನಾಳೆಯನ್ನು ಹೇಳ್ತಿಲ್ಲ, ಒಪ್ಪಿಗೆ ಕೇಳ್ತಿದೆ. ನಿಯಮಕ್ಕೂ ಒಂದು ಕಳ್ಳಬಾಗಿಲು!

ಇನ್ನೂ ದೊಡ್ಡ ಆಘಾತ ಬೇಕೇ? 2002ರಲ್ಲಿ ಹಡಲ್‌ಸ್ಟನ್ ಮತ್ತು ಪುಲ್ಲಮ್ ಎಂಬ ಇಬ್ಬರು ಪಂಡಿತರು ‘ದ ಕೇಂಬ್ರಿಡ್ಜ್ ಗ್ರಾಮರ್ ಆಫ್ ದ ಇಂಗ್ಲಿಷ್ ಲಾಂಗ್ವೇಜ್’ ಎಂಬ ಭಾರೀ ಗ್ರಂಥ ಹೊರತಂದರು. ಅದರ ಪ್ರಕಾರ ಇಂಗ್ಲಿಷಿಗೆ ಭವಿಷ್ಯತ್ ಕಾಲವೇ ಇಲ್ಲ! ಶಾಲೆಯಲ್ಲಿ ಮೂರು ಕಾಲ ಅಂತ ಕೋಷ್ಟಕ ಹಾಕಿ ಕಲಿತವರು ಈಗ ಯಾರನ್ನು ಕೇಳೋದು?

ಅದೇ ಗ್ರಂಥ ಷರತ್ತಿನ ವಾಕ್ಯಗಳನ್ನು ಮುಖ್ಯವಾಗಿ ಎರಡೇ ಗುಂಪು ಮಾಡುತ್ತೆ. ನಡೆಯಬಹುದಾದದ್ದು ಒಂದು, ದೂರದ ಮಾತು ಇನ್ನೊಂದು. ನಮ್ಮ ಗೈಡುಗಳಲ್ಲಿ ಎಷ್ಟು? ಝೀರೊ, ಫಸ್ಟ್, ಸೆಕೆಂಡ್, ಥರ್ಡ್, ಸಾಲದ್ದಕ್ಕೆ ಮಿಕ್ಸೆಡ್! ಈ ನಂಬರ್ ಪಟ್ಟಿ ಕಲಿಯುವವರ ಅನುಕೂಲಕ್ಕೆ ಹಾಕಿದ್ದು. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದವರನ್ನು ‘ಸೆಕೆಂಡ್ ಕಂಡಿಷನಲ್ ಹೇಳಿ’ ಅಂದರೆ ಎಷ್ಟೋ ಮಂದಿ ಕಣ್ಣು ಕಣ್ಣು ಬಿಡ್ತಾರೆ. ಶಿವಮೊಗ್ಗದ ದುರ್ಗಿಗುಡಿಯ ಹುಡುಗ ಥಟ್ಟಂತ ಹೇಳ್ತಾನೆ!

ಸೊನ್ನೆಯಿಂದ ಎಣಿಕೆ ಶುರುವಾಗುವ ವ್ಯಾಕರಣ ಪಾಠ ಬೇರೆಲ್ಲಾದರೂ ಕಂಡಿದ್ದೀರಾ? ಯಾವಾಗಲೂ ನಿಜವಾಗಿರೋ ಮಾತಿಗೆ ಝೀರೊ ಕಂಡಿಷನಲ್ ಅಂತ ಹೆಸರು. ಶಿವಮೊಗ್ಗದಲ್ಲಿ ತುಂಗೆ, ಭದ್ರಾವತಿಯಲ್ಲಿ ಭದ್ರೆ. ಕೂಡಲಿಯಲ್ಲಿ ಎರಡೂ ಸೇರಿದರೆ ತುಂಗಭದ್ರೆ. ಇದಕ್ಕಿಂತ ಒಳ್ಳೆಯ ಝೀರೊ ಕಂಡಿಷನಲ್ ಯಾವ ಗೈಡಿನಲ್ಲೂ ಸಿಗಲಿಕ್ಕಿಲ್ಲ!

ನಮ್ಮ ಗಾದೆಗಳಂತೂ ಝೀರೊ ಕಂಡಿಷನಲ್‌ನ ಗಣಿ. ‘ಕೈ ಕೆಸರಾದರೆ ಬಾಯಿ ಮೊಸರು.’ ನಾಲ್ಕೇ ಪದ. ಎರಡನೇ ಅರ್ಧದಲ್ಲಿ ಕ್ರಿಯಾಪದವೇ ಇಲ್ಲ! ‘ಹನಿಗೂಡಿದರೆ ಹಳ್ಳ’ ಅನ್ನೋದರಲ್ಲೂ ಇಲ್ಲ. ‘ಮನಸ್ಸಿದ್ದರೆ ಮಾರ್ಗ’ ನೋಡಿ, ನಾವು ಇಲ್ಲಿ ‘ಇದ್ದರೆ’ ಅನ್ನುತ್ತೇವೆ. ಇದೇ ಗಾದೆಗೆ ಇಂಗ್ಲಿಷಿನವರು ‘ಇಫ್’ ಬಳಸೋದೇ ಇಲ್ಲ, ‘ವೇರ್’ ಅನ್ನುತ್ತಾರೆ. ಅವರಿಗೆ ಮನಸ್ಸು ಒಂದು ಜಾಗ, ನಮಗೆ ಒಂದು ಷರತ್ತು!

ಅಡಿಕೆ ನಾಡಿನವರಿಗೆ ಇನ್ನೊಂದು. ‘ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.’ ಇಲ್ಲಿ ‘ಕೊಟ್ಟರೆ’ ಹೋಗಿ ‘ಕೊಟ್ಟರೂ’ ಆಗಿದೆ. ಕೊನೆಯ ಒಂದೇ ಸ್ವರ ಬದಲಾಯ್ತು, ಷರತ್ತು ತಲೆಕೆಳಗಾಯ್ತು! ಇಂಗ್ಲಿಷಿನಲ್ಲಿ ಇದಕ್ಕೆ ‘ಈವನ್’ ಅಂತ ಇನ್ನೊಂದು ಪದವನ್ನೇ ಕರೆದು ತರಬೇಕು. ನಮಗೆ ಒಂದು ಕೊಂಬಿನ ದೀರ್ಘ ಸಾಕು!

ನಾನು ಬಂದರೆ. ನೀನು ಬಂದರೆ. ಅವಳು ಬಂದರೆ. ಅವರೆಲ್ಲ ಬಂದರೆ. ಬಂದವರು ಯಾರೇ ಆಗಲಿ, ‘ಬಂದರೆ’ ಮಾತ್ರ ಕದಲಲ್ಲ! ಬಂದೆನು, ಬಂದೆ, ಬಂದಳು, ಬಂದರು ಅಂತ ಆಳಾಳಿಗೂ ಬಾಲ ಬದಲಾಯಿಸೋ ಕನ್ನಡ, ಷರತ್ತು ಬಂದ ಕೂಡಲೇ ಗಂಡು-ಹೆಣ್ಣು, ಒಬ್ಬ-ಹಲವರು ಅನ್ನೋ ಭೇದ ಎಲ್ಲ ಬಿಟ್ಟುಬಿಡುತ್ತೆ.

ಇಂಗ್ಲಿಷಿನಲ್ಲೂ ಹೀಗೇ ಒಂದು ಸಮಾನತೆ ಇದೆ ಅಂದರೆ ನಂಬ್ತೀರಾ? ಮಾಮೂಲಿ ದಿನ ‘ಐ ವಾಸ್’, ‘ಹಿ ವಾಸ್’. ಕಲ್ಪನೆಯ ಮಾತಿಗೆ ‘ಇಫ್ ಐ ವರ್’, ‘ಇಫ್ ಹಿ ವರ್’. ಎಲ್ಲರಿಗೂ ಒಂದೇ ‘ವರ್’! 1964ರ ಬ್ರಾಡ್‌ವೇ ನಾಟಕ ‘ಫಿಡ್ಲರ್ ಆನ್ ದ ರೂಫ್’ನ ಹಾಡು ‘ಇಫ್ ಐ ವರ್ ಅ ರಿಚ್ ಮ್ಯಾನ್’. 2008ರ ಬಿಯಾನ್ಸೆ ಹಾಡು ‘ಇಫ್ ಐ ವರ್ ಅ ಬಾಯ್’. ಎರಡೂ ಹಾಡಿನವರು ಮೇಷ್ಟ್ರ ಮಾತು ಕೇಳಿದ ಜಾಣರು.

ಎಲ್ಲರೂ ಕೇಳಲ್ಲ ಮಾರಾಯ್ರೇ! 1985ರಲ್ಲಿ ಮಿಡ್ಜ್ ಯೂರ್ ಎಂಬ ಗಾಯಕ ‘ಇಫ್ ಐ ವಾಸ್’ ಅಂತಲೇ ಹೆಸರಿಟ್ಟು ಹಾಡಿದ. ಬ್ರಿಟನ್ನಿನಲ್ಲಿ ಅದು ನಂಬರ್ ಒನ್ ಆಯ್ತು. ಪರೀಕ್ಷೆಯಲ್ಲಿ ಬರೆದರೆ ಕೆಂಪು ಗೆರೆ, ಹಾಡಿದರೆ ಮೊದಲ ಸ್ಥಾನ!

‘ಇಫ್ ಐ ಹ್ಯಾಡ್ ಹ್ಯಾಡ್ ಮನಿ...’ ಅಚ್ಚಿನ ತಪ್ಪಲ್ಲ. ನಡೆಯದೇ ಹೋದದ್ದನ್ನು ಹೇಳುವ ಥರ್ಡ್ ಕಂಡಿಷನಲ್‌ನಲ್ಲಿ ಎರಡು ‘ಹ್ಯಾಡ್’ ಪಕ್ಕಪಕ್ಕ ಬಂದು ನಿಲ್ಲುತ್ತವೆ, ಎರಡೂ ಬೇಕು. ಇದು ವಿಪರೀತ ಅಂತ ನಗ್ತೀರಾ? ಹಾಗಾದರೆ ‘ದುಡ್ಡು ಇದ್ದಿದ್ದರೆ’ ಅಂತ ಒಮ್ಮೆ ನಿಧಾನಕ್ಕೆ ಹೇಳಿ. ಇದ್ದು, ಇದ್ದರೆ. ಒಂದೇ ‘ಇರು’ ಎರಡು ಸಲ! ನಾವು ಅಂಟಿಸಿ ಬರೀತೀವಿ, ಅವರು ಬಿಡಿಸಿ ಬರೀತಾರೆ.

ಕನ್ನಡದಲ್ಲಿ ಒಂದು ಸಸ್ಪೆನ್ಸ್ ಇದೆ. ‘ದುಡ್ಡಿದ್ದರೆ...’ ಅಂತ ಸ್ನೇಹಿತ ಮಾತು ಶುರು ಮಾಡಿದ. ಇದೆಯೋ ಇಲ್ಲವೋ? ಗೊತ್ತಾಗಲ್ಲ. ‘ಕೊಡ್ತೀನಿ’ ಅಂತ ಮುಗಿಸಿದರೆ ಆಸೆ ಇಟ್ಟುಕೊಳ್ಳಬಹುದು. ‘ಕೊಡ್ತಿದ್ದೆ’ ಅಂತ ಮುಗಿಸಿದನೋ, ಜೇಬು ಖಾಲಿ! ಇಂಗ್ಲಿಷಿನವರಿಗೆ ಅಷ್ಟು ಕಾಯೋ ಕಷ್ಟ ಇಲ್ಲ. ಸಾಮಾನ್ಯವಾಗಿ ‘ಇಫ್ ಐ ಹ್ಯಾವ್’, ‘ಇಫ್ ಐ ಹ್ಯಾಡ್’ ಅನ್ನುವಾಗಲೇ ಗುಟ್ಟು ರಟ್ಟು!

ಆ ‘ಕೊಡ್ತಿದ್ದೆ’ಯನ್ನೇ ಇನ್ನೊಮ್ಮೆ ನೋಡಿ. ‘ಚಿಕ್ಕವನಿದ್ದಾಗ ತುಂಗೆಯಲ್ಲಿ ಈಜುತ್ತಿದ್ದೆ’ ಅಂದರೆ ಹಳೇ ಅಭ್ಯಾಸ, ನಿಜವಾಗಿ ಈಜಿದ್ದಾನೆ. ‘ಈಜು ಬಂದಿದ್ದರೆ ತುಂಗೆಯಲ್ಲಿ ಈಜುತ್ತಿದ್ದೆ’ ಅಂದರೆ ಕಾಲೂ ಒದ್ದೆ ಮಾಡಿಲ್ಲ! ಒಂದೇ ‘ಈಜುತ್ತಿದ್ದೆ’ಗೆ ಎರಡು ಬಾಳು. ಇನ್ನು ಇಂಗ್ಲಿಷಿಗೆ ಬನ್ನಿ. ‘ಐ ವುಡ್ ಸ್ವಿಮ್’ ಕೂಡ ಹೀಗೇ. ಬಾಲ್ಯದ ಅಭ್ಯಾಸಕ್ಕೂ ಅದೇ ‘ವುಡ್’, ನಡೆಯದ ಮಾತಿಗೂ ಅದೇ ‘ವುಡ್’! ಸಾವಿರಾರು ಮೈಲಿ ದೂರದ, ಬೇರೆ ಬೇರೆ ಕುಟುಂಬದ ಎರಡು ಭಾಷೆಗಳಿಗೆ ಒಂದೇ ಉಪಾಯ ಹೊಳೆದದ್ದು ಹೇಗೋ! ಪಂಡಿತರು ಕಾರಣ ಹುಡುಕಲಿ, ನಾವು ಬೆರಗಾಗೋಣ.

‘ಇಲ್ಲ’ ಅನ್ನದೇ ‘ಇಲ್ಲ’ ಅನ್ನೋದು ಹೇಗೆ? ಥರ್ಡ್ ಕಂಡಿಷನಲ್‌ಗೆ ಆ ಕಲೆ ಕರಗತ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿದಾಗ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ‘ಹತ್ತಿರದಲ್ಲಿ ಕಲ್ಲಿದ್ದಲು ಸಿಕ್ಕಿದ್ದರೆ ಅಷ್ಟೊಂದು ಕಾಡು ಉಳಿಯುತ್ತಿತ್ತು.’ ಈ ವಾಕ್ಯದಲ್ಲಿ ‘ಇಲ್ಲ’ ಅನ್ನೋ ಪದ ಎಲ್ಲೂ ಇಲ್ಲ. ಆದರೂ ನಿಮಗೆ ಎರಡು ‘ಇಲ್ಲ’ ಕೇಳಿಸಿತು. ಕಲ್ಲಿದ್ದಲು ಸಿಗಲಿಲ್ಲ, ಕಾಡು ಉಳಿಯಲಿಲ್ಲ!

   

ಶಿವಮೊಗ್ಗ ಸೀಮೆಯ ಅತಿ ದೊಡ್ಡ ಥರ್ಡ್ ಕಂಡಿಷನಲ್ ಯಾವುದು ಹೇಳಿ? ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಹುಡುಗ ಪುಟ್ಟಪ್ಪ ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ! 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಸಂಕಲನವೂ ಬಂತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಆ ಕವಿತೆಗಳನ್ನು ನೋಡಿ, ನಿನ್ನ ಭಾಷೆಯಲ್ಲಿ ಬರಿ ಅಂತ ಬುದ್ಧಿ ಹೇಳಿದರು. ಕಸಿನ್ಸ್ ಸುಮ್ಮನಿದ್ದಿದ್ದರೆ? ಕುವೆಂಪು ಎಂಬ ಹೆಸರು ನಮಗೆ ಸಿಗುತ್ತಿತ್ತೋ ಇಲ್ಲವೋ! ಕನ್ನಡದಲ್ಲಿ ಬರೆ ಅಂದದ್ದು ಇಂಗ್ಲಿಷಿನಲ್ಲಿ ಬರೆಯುವ ಕವಿ ಅನ್ನೋದು ಇದರೊಳಗಿನ ಸಕ್ಕರೆ.

ಅದೇ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿ, ಶಿವಮೊಗ್ಗದ ಪಕ್ಕದ ಕೊನಗವಳ್ಳಿಯ ಪಿ. ಲಂಕೇಶ್, ಇಬ್ಬರೂ ಇಂಗ್ಲಿಷ್ ಮೇಷ್ಟ್ರು! ಕ್ಲಾಸಿನಲ್ಲಿ ಇಂಗ್ಲಿಷ್, ಕಾಗದದ ಮೇಲೆ ಕನ್ನಡ. ಇಂಗ್ಲಿಷ್ ಕಲಿಸಿ ಕಲಿಸಿ ಕನ್ನಡ ಬೆಳೆಸಿದ ಜಿಲ್ಲೆ ಇದು!

ಈಗ ಮತ್ತೂರಿಗೆ ಹೋಗೋಣ. ಶಿವಮೊಗ್ಗದಿಂದ ಕೆಲವೇ ಕಿಲೋಮೀಟರ್, ತುಂಗೆಯ ದಡ. ಸಂಸ್ಕೃತ ಮಾತಾಡೋ ಊರು ಅಂತ ಲೋಕಕ್ಕೆಲ್ಲ ಗೊತ್ತು. ಗೊತ್ತಿಲ್ಲದ್ದು ಇದು: ನಡೆಯದೇ ಹೋದ ಷರತ್ತಿಗೆಂದೇ ಸಂಸ್ಕೃತದಲ್ಲಿ ಒಂದು ಪ್ರತ್ಯೇಕ ಲಕಾರ, ಅಂದರೆ ಕ್ರಿಯಾರೂಪ, ಇದೆ! ಹೆಸರು ಲೃಙ್. ಪಾಣಿನಿ ಅದಕ್ಕೊಂದು ಸೂತ್ರವನ್ನೇ ಕೊಟ್ಟಿದ್ದಾನೆ. ಕೆಲಸ ಆಗದೇ ತಪ್ಪಿಹೋಗೋದಕ್ಕೆ ಅವನಿಟ್ಟ ಹೆಸರು ‘ಕ್ರಿಯಾತಿಪತ್ತಿ’. ಇಂಗ್ಲಿಷಿನ ಥರ್ಡ್ ಕಂಡಿಷನಲ್‌ಗೆ ಇದಕ್ಕಿಂತ ಗಂಭೀರವಾದ ಹೆಸರು ಇನ್ನೆಲ್ಲಿ ಸಿಗಬೇಕು?

ಲೃಙ್ ಪಾಠಕ್ಕೆ ಸಂಸ್ಕೃತ ಮೇಷ್ಟ್ರುಗಳು ಕೊಡುವ ಮಾಮೂಲಿ ಉದಾಹರಣೆ ಏನು ಗೊತ್ತೇ? ಮಳೆ! ಒಳ್ಳೆ ಮಳೆಯಾಗಿದ್ದರೆ ಸುಭಿಕ್ಷವಾಗುತ್ತಿತ್ತು ಅನ್ನೋ ಅರ್ಥದ ವಾಕ್ಯ. ಅದರಲ್ಲಿ ಎರಡೂ ಅರ್ಧಕ್ಕೆ ಒಂದೇ ರೂಪ. ‘ಇಲ್ಲಿ ಹ್ಯಾಡ್, ಅಲ್ಲಿ ವುಡ್ ಹ್ಯಾವ್’ ಅನ್ನೋ ರಗಳೆಯೇ ಇಲ್ಲ!

ಹಳಗನ್ನಡದವರು ‘ಬಂದರೆ’ ಅನ್ನುತ್ತಿರಲಿಲ್ಲ, ‘ಬಂದೊಡೆ’ ಅನ್ನುತ್ತಿದ್ದರು. ಆಮೇಲೆ ಅದು ‘ಬಂದಡೆ’ ಆಯ್ತು. ಅದಾದಮೇಲೆ ‘ಬಂದರೆ’. ಈಗ ನಾವು ಅದನ್ನೂ ಸವೆಸಿ ‘ಬಂದ್ರೆ’ ಮಾಡಿಟ್ಟಿದ್ದೇವೆ. ಸಾವಿರ ವರ್ಷದಲ್ಲಿ ಒಂದು ಡಕಾರ ಕರಗಿ ನೀರಾಯ್ತು! ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ ಇಂಥ ‘ಅಡೆ’ಗಳ ಕಾಲದವರು. ವಚನಗಳ ಹಳೇ ಪಾಠ ತೆರೆದು ನೋಡಿ, ಷರತ್ತಿಗೆ ಬರವೇ ಇಲ್ಲ.

‘ರೈನ್ ಕೇಮ್ ಮೀನ್ಸ್, ಐ ವಿಲ್ ನಾಟ್ ಕಮ್.’ ಇಂಥ ಇಂಗ್ಲಿಷ್ ಕೇಳಿದ್ದೀರಲ್ಲ? ನಗೋದಕ್ಕೆ ಮುಂಚೆ ಅದರ ಒಳಗುಟ್ಟು ಕೇಳಿ. ‘ಮಳೆ ಬಂತು ಅಂದ್ರೆ ನಾನು ಬರಲ್ಲ’ ಅನ್ನೋದು ಚೊಕ್ಕ ಕನ್ನಡ. ಇಲ್ಲಿನ ‘ಅಂದ್ರೆ’ ಷರತ್ತು. ‘ಹಾಗಂದ್ರೆ ಏನು?’ ಅನ್ನೋದರಲ್ಲಿ ಅದೇ ‘ಅಂದ್ರೆ’ ಅರ್ಥ ಕೇಳುತ್ತೆ, ಅಂದರೆ ‘ಮೀನ್ಸ್’. ತಪ್ಪು ಮಾಡಿದವರು ಬೇಕಾಬಿಟ್ಟಿ ಮಾಡಲಿಲ್ಲ, ಪದಕ್ಕೆ ಪದ ಲೆಕ್ಕ ಹಾಕಿಯೇ ಮಾಡಿದ್ದಾರೆ!

‘ಇಫ್ ಸಪೋಸ್’ ಗೊತ್ತಲ್ಲ? ಮೇಷ್ಟ್ರು ತಲೆ ಚಚ್ಚಿಕೊಳ್ತಾರೆ, ಎರಡರಲ್ಲಿ ಒಂದು ಸಾಕು ಅಂತ. ಆದರೆ ‘ಒಂದು ವೇಳೆ ಬಂದರೆ’ ಅನ್ನೋದರಲ್ಲಿ ನೋಡಿ. ‘ಒಂದು ವೇಳೆ’ಯೂ ಷರತ್ತು, ‘ರೆ’ಯೂ ಷರತ್ತು. ಎರಡು ಬೀಗ ಹಾಕೋದು ನಮ್ಮ ಮನೆಯಲ್ಲಿ ಮಾಮೂಲು!

‘ಅನ್‌ಲೆಸ್ ಯು ಡೋಂಟ್ ಸ್ಟಡಿ, ಯು ವಿಲ್ ಫೇಲ್’ ಅಂತ ಬರೆದು ಎಷ್ಟು ಮಕ್ಕಳು ಮಾರ್ಕ್ಸ್ ಕಳ್ಕೊಂಡಿದ್ದಾರೋ! ‘ಅನ್‌ಲೆಸ್’ ಹೊಟ್ಟೆಯಲ್ಲೇ ‘ಇಲ್ಲದಿದ್ದರೆ’ ಕೂತಿದೆ. ಮೇಲೊಂದು ‘ಡೋಂಟ್’ ಹಾಕಿದರೆ, ಓದದೇ ಇದ್ದರೆ ಪಾಸಾಗ್ತೀಯ ಅನ್ನೋ ದಿಕ್ಕಿಗೆ ವಾಕ್ಯ ತಿರುಗಿಬಿಡುತ್ತೆ. ಮಕ್ಕಳಿಗೇನೋ ಖುಷಿಯೇ!

ಬಸ್‌ಸ್ಟ್ಯಾಂಡಿನಲ್ಲಿ ಕಿವಿ ಕೊಟ್ಟು ಕೇಳಿ. ‘ಬಸ್ ಲೇಟಾದ್ರೆ ಫೋನ್ ಮಾಡು.’ ಬಸ್, ಲೇಟ್, ಫೋನ್ ಮೂರೂ ಇಂಗ್ಲಿಷ್. ಆದರೆ ‘ಇಫ್ ಬಸ್ ಲೇಟ್’ ಅಂತ ಯಾರೂ ಅನ್ನಲ್ಲ. ಪದಗಳು ಎಷ್ಟು ಬೇಕಾದರೂ ಒಳಗೆ ಬರಲಿ, ಷರತ್ತು ಹಾಕೋ ಅಧಿಕಾರವನ್ನು ಕನ್ನಡ ಬಿಟ್ಟುಕೊಟ್ಟಿಲ್ಲ!

‘ಇಫ್’ ಇಲ್ಲದ ಇಂಗ್ಲಿಷ್ ಷರತ್ತು ಇದೆಯೇ? ಬೇಕಾದಷ್ಟು! ‘ಹ್ಯಾಡ್ ಐ ನೋನ್’, ‘ಶುಡ್ ಯು ನೀಡ್’, ‘ವರ್ ಐ ಯು’. ಕ್ರಿಯಾಪದ ಎದ್ದು ಮುಂದೆ ಬಂದು ಕೂತರೆ ‘ಇಫ್’ ಮನೆಗೆ ಹೋಗಬಹುದು. ದೊಡ್ಡ ಹೋಟೆಲಿನ ರೂಮಿನ ಕಾರ್ಡುಗಳಿಗೆ ಈ ಧಾಟಿ ಬಹಳ ಪ್ರೀತಿ.

ಇನ್ನೊಂದು ಇದೆ. ‘ಹಸಿವಾದರೆ ಡಬ್ಬದಲ್ಲಿ ಚಕ್ಕುಲಿ ಇದೆ.’ ಅಮ್ಮ ಹೀಗೆ ಹೇಳಿ ಹೋದರು ಅನ್ನಿ. ನಿಮಗೆ ಹಸಿವಾಗದಿದ್ದರೆ ಚಕ್ಕುಲಿ ಮಾಯವಾಗುತ್ತಾ? ಇಲ್ಲವಲ್ಲ! ಹಾಗಾದರೆ ಇದೆಂಥ ಷರತ್ತು? 1956ರಲ್ಲಿ ಜೆ.ಎಲ್. ಆಸ್ಟಿನ್ ಎಂಬ ಆಕ್ಸ್‌ಫರ್ಡ್ ತತ್ತ್ವಜ್ಞಾನಿ ಇದೇ ತೊಡಕನ್ನು ಹಿಡಿದು ಉಪನ್ಯಾಸ ಕೊಟ್ಟರು. ಅವರ ಉದಾಹರಣೆಯಲ್ಲಿ ಇದ್ದದ್ದು ಬಿಸ್ಕತ್ತು. ಅದರಿಂದಾಗಿ ಪಂಡಿತರು ಈಗ ಇಂಥ ವಾಕ್ಯಗಳನ್ನು ‘ಬಿಸ್ಕತ್ ಕಂಡಿಷನಲ್’ ಅಂತಲೇ ಕರೆಯುತ್ತಾರೆ. ನಿಜವಾಗಿ! ಆಸ್ಟಿನ್ ಮಲೆನಾಡಿನಲ್ಲಿ ಹುಟ್ಟಿದ್ದರೆ ಅದು ಚಕ್ಕುಲಿ ಕಂಡಿಷನಲ್ ಆಗಿರುತ್ತಿತ್ತು!

‘ಅವನು ಪಾಸಾದರೆ ನಾನು ಅರ್ಧ ಮೀಸೆ ಬೋಳಿಸ್ಕೊಳ್ತೀನಿ!’ ಇದೂ ಷರತ್ತೇ, ಆದರೆ ಇದರ ಅರ್ಥ ಮೀಸೆಗೆ ಸಂಬಂಧಪಟ್ಟಿಲ್ಲ. ಅವನು ಪಾಸಾಗೋದಿಲ್ಲ ಅನ್ನೋದಷ್ಟೇ. ಇಂಗ್ಲಿಷಿನವರು ಇಂಥ ಹೊತ್ತಿನಲ್ಲಿ ತಮ್ಮ ಟೋಪಿ ತಿನ್ನುತ್ತೇನೆ ಅನ್ನುತ್ತಾರೆ! ಮೀಸೆ ವಾಸಿ, ಮತ್ತೆ ಬೆಳೆಯುತ್ತೆ.

ಮೀಸೆ ಅಂದಮೇಲೆ ಚಿಕ್ಕಮ್ಮನನ್ನು ಬಿಡೋಕಾಗುತ್ತಾ? ‘ಚಿಕ್ಕಮ್ಮನಿಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು.’ ನಡೆಯದ ಮಾತು ಆಡುವವರ ಬಾಯಿ ಮುಚ್ಚಿಸೋ ಗಾದೆ. ಇದು ನಮ್ಮದೊಂದೇ ಆಸ್ತಿ ಅಂದುಕೊಂಡಿರಾ? ತಮಿಳರ ಅತ್ತೆಗೂ ಮೀಸೆ ಮೊಳೆಯುತ್ತೆ, ತೆಲುಗರ ಅತ್ತೆಗೂ ಮೊಳೆಯುತ್ತೆ! ಯೂರೋಪಿನ ಯಿಡ್ಡಿಷ್ ಮಾತಾಡುವ ಯಹೂದಿಗಳ ಅಜ್ಜಿಗೆ ಗಡ್ಡ ಬಂದು ಅಜ್ಜನಾಗುತ್ತಾಳೆ. ಇಟಲಿಯ ಅಜ್ಜಿಗಂತೂ ಗಾಲಿಗಳೇ ಬರುತ್ತವೆ!

ಆ ಗಾಲಿ ಅಜ್ಜಿ ಟಿವಿಯಲ್ಲೂ ಮಿಂಚಿದ್ದಾಳೆ. 2010ರಲ್ಲಿ ಬ್ರಿ‌ಟನ್ನಿನ ‘ದಿಸ್ ಮಾರ್ನಿಂಗ್’ ಕಾರ್ಯಕ್ರಮದಲ್ಲಿ ಇಟಲಿ ಮೂಲದ ಅಡುಗೆಯವ ಜಿನೊ ಡಿಅಕಾಂಪೊ ಪಾಸ್ತಾ ಮಾಡಿ ಕೊಟ್ಟ. ಇದಕ್ಕೆ ಹ್ಯಾಮ್ ಹಾಕಿದ್ದರೆ ಇನ್ನೊಂದು ತಿಂಡಿಯ ಹಾಗಾಗುತ್ತಿತ್ತು ಅಂದಳು ನಿರೂಪಕಿ. ನಮ್ಮಜ್ಜಿಗೆ ಗಾಲಿ ಇದ್ದಿದ್ದರೆ ಸೈಕಲ್ ಆಗಿರುತ್ತಿದ್ದಳು ಅಂದ ಜಿನೊ! ಆ ತುಣುಕು ಇವತ್ತಿಗೂ ಮೊಬೈಲಿಂದ ಮೊಬೈಲಿಗೆ ಓಡ್ತಾನೇ ಇದೆ.

ಫ್ರೆಂಚರ ಗಾದೆ ಇನ್ನೂ ಒಂದು ಕೈ ಮೇಲು. ‘ರೆ’ಗಳಿದ್ದುಬಿಟ್ಟರೆ ಪ್ಯಾರಿಸ್ ನಗರವನ್ನೇ ಬಾಟಲಿಯೊಳಗೆ ಹಾಕಬಹುದು ಅನ್ನುತ್ತಾರೆ! ಅಲ್ಲಿನ ಶಾಲಾ ಮಕ್ಕಳೂ ನಮ್ಮವರ ಹಾಗೆಯೇ ಷರತ್ತಿನಲ್ಲಿ ಎಡವುತ್ತಾರೆ. ಅವರಿಗೆ ಬಾಯಿಪಾಠದ ಒಂದು ಸೂತ್ರ ಇದೆ. ಕೇಳೋಕೆ ಅದು ‘ಗರಗಸಗಳಿಗೆ ತೊರಕೆ ಮೀನು ಕಂಡರೆ ಆಗಲ್ಲ’ ಅಂದ ಹಾಗೆ ಕೇಳಿಸುತ್ತೆ!

ಲೋಕದ ಪ್ರಸಿದ್ಧ ಕಾನೂನು ಕಲ್ಲೊಂದು ‘ರೆ’ಗಳಿಂದಲೇ ತುಂಬಿದೆ. ಬ್ಯಾಬಿಲೋನಿನ ಹಮ್ಮುರಬಿ ದೊರೆಯ ಶಾಸನ. ವಯಸ್ಸು 3,700 ವರ್ಷಕ್ಕೂ ಹೆಚ್ಚು. 1901ರಲ್ಲಿ ಇರಾನಿನ ಸೂಸಾದಲ್ಲಿ ಸಿಕ್ಕಿತು, ಈಗ ಪ್ಯಾರಿಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರ ಕಟ್ಟಲೆಗಳನ್ನು 282 ಅಂತ ಎಣಿಸಿದ್ದಾರೆ. ಒಬ್ಬ ಹೀಗೆ ಮಾಡಿದರೆ ಹೀಗೆ ಶಿಕ್ಷೆ, ಹಾಗೆ ಮಾಡಿದರೆ ಹಾಗೆ ಶಿಕ್ಷೆ. ಅವರ ‘ಇಫ್’ ಯಾವುದು ಗೊತ್ತೇ? ‘ಶುಮ್ಮ’! ನಮ್ಮ ‘ಸುಮ್ಮನೆ’ಗೂ ಅದಕ್ಕೂ ನಂಟಿಲ್ಲ, ಸುಮ್ಮನೆ ಹೇಳಿದೆ.

ಆ ಸೀಮೆಯವರೇ ಶಕುನಗಳನ್ನೂ ‘ಶುಮ್ಮ’ ಹಾಕಿ ನೂರಕ್ಕೂ ಹೆಚ್ಚು ಮಣ್ಣಿನ ಫಲಕಗಳ ಮೇಲೆ ಬರೆದಿಟ್ಟಿದ್ದಾರೆ. ಇರುವೆ ಕಂಡರೆ ಏನು, ಹಾವು ಕಂಡರೆ ಏನು. ಮನುಷ್ಯನ ಮೇಲೆ ಹಲ್ಲಿ ಬಿದ್ದರೆ ಏನು! ಹೌದು, ಹಲ್ಲಿಯೇ! ನಮ್ಮ ಪಂಚಾಂಗದ ಹಿಂದಿನ ಪುಟದಲ್ಲಿ ಇರುತ್ತಲ್ಲ, ಹಲ್ಲಿ ಬಿದ್ದ ಫಲ, ಅದೇ ಧಾಟಿ. ಅಷ್ಟು ಹಿಂದೆಯೂ ಹಲ್ಲಿ ಬೀಳ್ತಿತ್ತು, ಜನ ಬೆಚ್ಚಿ ಬೀಳ್ತಿದ್ದರು!

‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅನ್ನುವ ನಮ್ಮ ಮಳೆಗಾದೆಯ ಆಕಾರವನ್ನು ಆ ಫಲಕಗಳ ಪಕ್ಕ ಇಟ್ಟು ನೋಡಿ. ಅಚ್ಚು ಒಂದೇ!

ಒಂದೇ ಪದದ ಉತ್ತರ ಕೊಟ್ಟು ಗೆದ್ದವರು ಸ್ಪಾರ್ಟಾದವರು. ಮ್ಯಾಸಿಡೋನಿಯಾದ ಎರಡನೇ ಫಿಲಿಪ್, ಅಲೆಕ್ಸಾಂಡರನ ಅಪ್ಪ, ನಿಮ್ಮ ನಾಡಿಗೆ ನುಗ್ಗಿದರೆ ನಿಮ್ಮನ್ನು ನಿರ್ನಾಮ ಮಾಡುತ್ತೇನೆ ಅಂತ ಹೆದರಿಸಿ ಕಳಿಸಿದನಂತೆ. ಅವರು ಹೇಳಿ ಕಳಿಸಿದ್ದು ಒಂದೇ ಪದ: ‘ರೆ’! ಪ್ಲುಟಾರ್ಕ್ ಹೇಳುವ ಕಥೆ ಇದು. ‘ನಾಳೆ ದುಡ್ಡು ತಂದುಕೊಡ್ತಾನೆ ಬಿಡಿ’ ಅಂದವರಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯವರು ‘ತಂದ್ರೆ!’ ಅಂತಾರಲ್ಲ, ಅದೇ ಸ್ಪಾರ್ಟಾ ಶೈಲಿ!

ಒಂದೇ ವಾಕ್ಯದ ಕವಿತೆ ಗೊತ್ತೇ? ಮುಂಬೈಯಲ್ಲಿ 1865ರಲ್ಲಿ ಹುಟ್ಟಿದ ಕಿಪ್ಲಿಂಗ್ ಬರೆದ ‘ಇಫ್’. ಅಚ್ಚಾದದ್ದು 1910ರಲ್ಲಿ. 32 ಸಾಲು, ಆದರೆ ಇಡೀ ಕವಿತೆ ಒಂದೇ ವಾಕ್ಯ! ಷರತ್ತಿನ ಮೇಲೆ ಷರತ್ತು, 30 ಸಾಲು ಬರೀ ‘ರೆ’. ಹಾಗಾದರೆ ಏನಾಗುತ್ತೆ ಅನ್ನೋದು ಕೊನೆಯ ಎರಡು ಸಾಲಿಗೆ ಬರುತ್ತೆ. ವಿಂಬಲ್ಡನ್ನಿನ ಸೆಂಟರ್ ಕೋರ್ಟಿಗೆ ಆಟಗಾರರು ಹೋಗುವ ಬಾಗಿಲ ಮೇಲೂ ಇದರ ಎರಡು ಸಾಲು ಬರೆದಿದ್ದಾರೆ. ಅಲ್ಲಿರುವುದು ಬರೀ ಷರತ್ತು, ಫಲ ಇಲ್ಲ!

ಕಂಪ್ಯೂಟರಿಗೂ ‘ಇಫ್’ ಬೇಕು. 1957ರಲ್ಲಿ ಬಂದ ಫೋರ್ಟ್ರಾನ್ ಭಾಷೆಯ ‘ಇಫ್’ಗೆ ಎರಡಲ್ಲ, ಮೂರು ದಾರಿ! ಉತ್ತರ ಸೊನ್ನೆಗಿಂತ ಕಡಿಮೆ ಬಂದರೆ ಒಂದು ಕಡೆ, ಸೊನ್ನೆಯೇ ಬಂದರೆ ಇನ್ನೊಂದು ಕಡೆ, ಹೆಚ್ಚು ಬಂದರೆ ಮತ್ತೊಂದು ಕಡೆ. ‘ಹೌದು’, ‘ಅಲ್ಲ’ ಸಾಲದೆ ‘ಅಷ್ಟಕ್ಕಷ್ಟೇ’ ಅಂತ ಮೂರನೆಯದು!

ಒಂದು ಆಟ ಆಡೋಣವೇ? ಮೇಜಿನ ಮೇಲೆ ನಾಲ್ಕು ಚೀಟಿ. ಪ್ರತಿಯೊಂದರ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. ಕಾಣಿಸ್ತಿರೋದು ‘ಅ’, ‘ಕ’, 4, 7. ನಿಯಮ: ಒಂದು ಬದಿ ಸ್ವರ ಇದ್ದರೆ ಇನ್ನೊಂದು ಬದಿ ಸಮಸಂಖ್ಯೆ ಇರಲೇಬೇಕು. ನಿಯಮ ಸರಿಯೋ ತಪ್ಪೋ ನೋಡೋಕೆ ಯಾವ ಚೀಟಿಗಳನ್ನು ತಿರುಗಿಸಬೇಕು? ‘ಅ’ ಮತ್ತು 4 ಅಂದಿರಾ? ತಪ್ಪು! ‘ಅ’ ಮತ್ತು 7. ಪೀಟರ್ ವೇಸನ್ ಎಂಬ ಮನಶ್ಶಾಸ್ತ್ರಜ್ಞ 1966ರಲ್ಲಿ ಇಂಥ ಆಟ ಪ್ರಕಟಿಸಿದ. ಬುದ್ಧಿವಂತ ಕಾಲೇಜು ಹುಡುಗರಲ್ಲಿ ಹೆಚ್ಚಿನವರು ಎಡವಿದರು. ಅದೇ ನಿಯಮವನ್ನು ‘ಬಿಯರ್ ಕುಡಿಯುತ್ತಿದ್ದರೆ ವಯಸ್ಸು ಇಷ್ಟು ಆಗಿರಬೇಕು’ ಅಂತ ಬದಲಾಯಿಸಿ 1982ರಲ್ಲಿ ಕೇಳಿದಾಗ ಹೆಚ್ಚಿನವರು ಸರಿ ಹೇಳಿದರು! ಷರತ್ತು ಅದೇ, ತಲೆ ಅದೇ. ಬಿಯರ್ ಬಂದ ಕೂಡಲೇ ತರ್ಕವೂ ಬಂತು!

ಚೀನೀ ಭಾಷೆಯಲ್ಲಿ ‘ವುಡ್ ಹ್ಯಾವ್’ನಂಥ ಕ್ರಿಯಾರೂಪ ಇಲ್ಲ. ಅದಕ್ಕೇ ಅವರಿಗೆ ನಡೆಯದ್ದನ್ನು ಊಹಿಸೋದು ಕಷ್ಟ ಅಂತ 1981ರಲ್ಲಿ ಆಲ್ಫ್ರೆಡ್ ಬ್ಲೂಮ್ ಪುಸ್ತಕ ಬರೆದ. 1983ರಲ್ಲಿ ಟೆರ್ರಿ ಔ ಎಂಬಾಕೆ ಕಥೆಗಳನ್ನು ಸರಿಯಾದ ಚೀನೀ ಭಾಷೆಯಲ್ಲಿ ಬರೆದು ಕೇಳಿ ನೋಡಿದರು. ಚೀನೀಯರು ಸಲೀಸಾಗಿ ಉತ್ತರ ಕೊಟ್ಟರು! ತೊಡಕು ಇದ್ದದ್ದು ತಲೆಯಲ್ಲಲ್ಲ, ಪ್ರಶ್ನೆಪತ್ರಿಕೆಯಲ್ಲಿ. ಇದನ್ನು ನಂಬೋಕೆ ನಮ್ಮ ಮಕ್ಕಳಿಗೆ ಸಾಕ್ಷಿ ಬೇಕಿಲ್ಲ ಬಿಡಿ.

ಮನೆಯ ಕಪಾಟಿನಲ್ಲಿ ದಪ್ಪನೆಯ ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಪುಸ್ತಕ ಇದೆಯೇ? ಆ ರೆನ್ ಯಾರು ಗೊತ್ತೇ? ಮರುಭೂಮಿ, ಕೋಟೆ, ಗುಂಡು, ಕಳುವಾದ ರತ್ನ ಎಲ್ಲ ಇರೋ ಸಾಹಸ ಕಾದಂಬರಿ ‘ಬೋ ಜೆಸ್ಟ್’ ಬರೆದ ಪಿ.ಸಿ. ರೆನ್! 1924ರಲ್ಲಿ ಬಂದ ಆ ಕಾದಂಬರಿ ಹಾಲಿವುಡ್ ಸಿನಿಮಾ ಕೂಡ ಆಯ್ತು. ಮಕ್ಕಳಿಗೆ ಅತಿ ಹೆಚ್ಚು ಆಕಳಿಕೆ ತರಿಸಿದ ಪುಸ್ತಕವನ್ನು ಬರೆದವನು ರೋಚಕ ಕಥೆಗಾರ!

ವ್ಯಾಕರಣವನ್ನೇ ಹೇಳಿಕೊಡದೆ ಇಂಗ್ಲಿಷ್ ಕಲಿಸಬಹುದೇ? ಈ ಪ್ರಶ್ನೆಗೆ ಲೋಕವೇ ತಿರುಗಿ ನೋಡುವಂಥ ಪ್ರಯೋಗ ನಡೆದದ್ದು ಎಲ್ಲಿ ಗೊತ್ತೇ? ಲಂಡನ್ನಿನಲ್ಲಲ್ಲ, ನಮ್ಮ ಬೆಂಗಳೂರಿನಲ್ಲಿ! ಅಲ್ಲಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ 1963ರಿಂದಲೂ ಮೇಷ್ಟ್ರುಗಳಿಗೆ ತರಬೇತಿ ಕೊಡುತ್ತಿದೆ. ಅದರ ಆಸರೆಯಲ್ಲಿ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ‘ಬೆಂಗಳೂರು ಪ್ರಾಜೆಕ್ಟ್’ ನಡೆಸಿದರು. ಮಾಮೂಲಿ ಶಾಲೆಗಳ ಮಾಮೂಲಿ ಮಕ್ಕಳು. ‘ಇಫ್ ಕ್ಲಾಸ್’ ಕೋಷ್ಟಕ ಇಲ್ಲ, ಬಾಯಿಪಾಠ ಇಲ್ಲ. ಬದಲಿಗೆ ನಕ್ಷೆ ಓದೋದು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕೋದು. ಲೆಕ್ಕದ ಕಡೆ ಗಮನ ಇಟ್ಟರೆ ಭಾಷೆ ತಾನಾಗಿ ಒಳಗಿಳಿಯುತ್ತೆ ಅನ್ನೋದು ಪ್ರಭು ಅವರ ವಾದ. ‘ಟಾಸ್ಕ್’ ಆಧಾರದ ಬೋಧನೆ ಅಂತ ಇವತ್ತು ದೇಶದೇಶಗಳಲ್ಲಿ ಹೇಳುವ ಪದ್ಧತಿಗೆ ಮೊದಲ ದೊಡ್ಡ ಉದಾಹರಣೆ ಇದೇ!

ಶಿವಮೊಗ್ಗದ ಮಕ್ಕಳಿಗೆ ಆ ಥರದ ಪಾಠ ಬೇಕಿದ್ದರೆ ರೈಲ್ವೆ ಸ್ಟೇಷನ್ ಸಾಕು. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೀರೂರು. ಬೆಳಗಿನ ಗಾಡಿ ತಪ್ಪಿದರೆ ಮುಂದಿನದು ಎಷ್ಟಕ್ಕೆ? ಬೀರೂರಿಗೆ ತಡವಾಗಿ ಹೋದರೆ ಹುಬ್ಬಳ್ಳಿ ಕಡೆಯ ಗಾಡಿ ಸಿಗುತ್ತಾ? ಫಸ್ಟ್ ಕಂಡಿಷನಲ್ ಪ್ಲಾಟ್‌ಫಾರಂ ತುಂಬ ಬಿದ್ದಿದೆ! ಗಾಡಿ ಹೋದಮೇಲೆ ಬಂದವರ ಬಾಯಲ್ಲಿ ಥರ್ಡ್ ಕಂಡಿಷನಲ್ ಪುಕ್ಕಟೆ.

ಕೊನೆಗೆ ಇಂಗ್ಲಿಷಿನವರ ಗುಟ್ಟು. ಮಾತಿನಲ್ಲಿ ಅವರು ‘ಹ್ಯಾಡ್’ ಅನ್ನೂ ‘ವುಡ್’ ಅನ್ನೂ ಒಂದೇ ‘ಡ್’ ಮಾಡಿ ನುಂಗಿಬಿಡುತ್ತಾರೆ. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಟೋಲ್ಡ್ ಯು.’ ಮೊದಲ ‘ಐಡ್’ ಹ್ಯಾಡ್, ಎರಡನೆಯದು ವುಡ್. ಬರೆಯೋದೂ ಒಂದೇ ಥರ, ಕೇಳಿಸೋದೂ ಒಂದೇ ಥರ!

‘ವುಡ್ ಹ್ಯಾವ್’ ಬೇಗ ಹೇಳಿದರೆ ‘ವುಡವ್’. ಅದು ಕಿವಿಗೆ ‘ವುಡ್ ಆಫ್’ ಅಂತ ಬೀಳುತ್ತೆ. ಇಂಗ್ಲಿಷ್ ಮಾತೃಭಾಷೆಯ ಎಷ್ಟೋ ಮಂದಿ ಹಾಗೇ ಬರೆದೂಬಿಡುತ್ತಾರೆ! ಕೋಷ್ಟಕ ಉರು ಹೊಡೆದು ಕಲಿತ ಭದ್ರಾವತಿಯ ಹತ್ತನೇ ಕ್ಲಾಸಿನ ಹುಡುಗಿ ಈ ಒಂದು ತಪ್ಪನ್ನು ಮಾತ್ರ ಬರೆಯೋದು ಅಪರೂಪ!